ನೀರಿನ ಬಟ್ಟಲಲ್ಲಿ ಎರಡು ಪೀಪಿ

ಆ ವರ್ಷ ನನ್ನ ದಿನಚರಿಯ ಕೊನೆಯ ಪುಟಗಳಲ್ಲಿ ನಡುವೆ ಗೆರೆ ಎಳೆದು ಎರಡು ಭಾಗ ಮಾಡಿಕೊಂಡಿದ್ದೆ. ಎಡಕ್ಕೆ ಮಾವ ಸನಾದಿ ನುಡಿಸಿದ ದಿನಗಳು, ಬಲಕ್ಕೆ ನಾನು ಅವನ ಪಕ್ಕದಲ್ಲಿ ಕುಳಿತು ಶ್ರುತಿ ಹಿಡಿದ ದಿನಗಳು. ಎರಡೂ ಕಡೆ ಗೀಟುಗಳು ಜೋಡಿಯಾಗಿ ಇಳಿದು ಬರುತ್ತಿದ್ದವು. ಕಾರ್ತಿಕದಲ್ಲಿ ಅವು ನಿಂತುಹೋದವು. ಮಾವನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಇನ್ನು ಮುಂದೆ ಹೊಟ್ಟೆಗೆ ಬಿಗಿ ಬೀಳುವ ಕೆಲಸ ಬೇಡ, ಸನಾದಿಯಂತೂ ಬೇಡವೇ ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮಾವ ನನ್ನ ತಾಯಿಯ ತಮ್ಮ, ನನಗೆ ಊದುವುದನ್ನು ಕಲಿಸಿದವನು. ಅವನು ಇದ್ದದ್ದು ಮಕ್ತಲ್‌ನಲ್ಲಿ, ನಾವು ನಾರಾಯಣಪೇಟೆಯಲ್ಲಿ. ನಮ್ಮಲ್ಲಿ ಒಂದು ಕ್ರಮವಿತ್ತು. ಕಲಿಯುವವರು ಮನೆಯೊಳಗೆ ಏನು ಬೇಕಾದರೂ ನುಡಿಸಬಹುದು. ಜನರ ಮುಂದೆ ಮಾತ್ರ ಶ್ರುತಿ, ಅಂದರೆ ಒಂದೇ ಸ್ವರ. ಕಲಿಸಿದವರು ತಮ್ಮ ಬಾಯಲ್ಲಿಡುವ ಪೀಪಿಯನ್ನು, ಸನಾದಿಯ ತುದಿಗಿರುವ ಆ ಒಣಹುಲ್ಲಿನ ಚಪ್ಪಟೆ ನಾಲಿಗೆಯನ್ನು, ತಾವಾಗಿ ಕೊಟ್ಟ ದಿನ ರಾಗ ನಮ್ಮದಾಗುತ್ತದೆ. ಒಬ್ಬರ ಎಂಜಲನ್ನು ಇನ್ನೊಬ್ಬರು ಮುಟ್ಟದ ಮನೆಗಳಲ್ಲಿ ಈ ಒಂದು ಎಂಜಲಿಗೆ ಮಾತ್ರ ಕೈಯೊಡ್ಡುತ್ತಾರೆ. ನನಗೇನೂ ಅವಸರವಿರಲಿಲ್ಲ. ಮೂಗಿನಿಂದ ಉಸಿರು ಎಳೆಯುತ್ತ, ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಬಿಡುತ್ತ, ಸ್ವರ ಕಡಿಯದಂತೆ ಕಾಯುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಬದುವಿನ ಮೇಲೆ ನಡೆದ ಹಾಗಿರುತ್ತಿತ್ತು. ಕಡಿದರೆ ಮಾವ ತನ್ನ ಮೊಣಕಾಲಿನಿಂದ ನನ್ನ ಮೊಣಕಾಲಿಗೆ ತಟ್ಟುತ್ತಿದ್ದ. ಅಷ್ಟೇ ಬೈಗಳು.

ಮಾಘಕ್ಕೆ ಅಕ್ಕನ ಮದುವೆ ಗೊತ್ತಾಗಿತ್ತು. ಅವಳು ತೊಟ್ಟಿಲಲ್ಲಿದ್ದಾಗಲೇ ‘ಈಕಿ ತಾಳಿಗೆ ನಂದೇ ಸನಾದಿ’ ಎಂದು ಮಾವ ಹೇಳಿದ್ದನಂತೆ. ಈಗ ಆ ಮಾತನ್ನು ಅಕ್ಕನೂ ಎತ್ತುತ್ತಿರಲಿಲ್ಲ, ಅವನೂ ಎತ್ತುತ್ತಿರಲಿಲ್ಲ. ಒಂದು ಸಂಜೆ ಅತ್ತೆ ಫೋನ್ ಮಾಡಿದಳು. “ನಿಮ್ಮ ಮಾವ ಗ್ವಾಡಿಗೆ ಮುಖ ಮಾಡಿ ಕುಂತಾರವ್ವಾ. ಮಾತಿಲ್ಲ, ಕತಿಯಿಲ್ಲ. ಬೆರಳು ಮಾತ್ರ ತೊಡಿ ಮ್ಯಾಲ ಆಡ್ತಾವು.”

ಆ ಬೆರಳುಗಳಿಗಾಗಿ ನಾನು ಗದ್ವಾಲಕ್ಕೆ ಹೋದೆ.

ಬಸ್ಸು ಜುರಾಲಾ ಅಣೆಕಟ್ಟು ದಾಟುವಾಗ ಮಂಜು ಇನ್ನೂ ಎದ್ದಿರಲಿಲ್ಲ. ಕೆಳಗೆ ಕೃಷ್ಣೆ ಇದ್ದಾಳೆಂಬುದು ತಣ್ಣನೆಯ ಗಾಳಿಯಿಂದಷ್ಟೇ ಗೊತ್ತಾಗುತ್ತಿತ್ತು. ಗದ್ವಾಲ ಆಗಷ್ಟೇ ಜಿಲ್ಲೆಯಾಗಿತ್ತು. ವಾದ್ಯಗಳ ಅಂಗಡಿಯ ಬೋರ್ಡಿನಲ್ಲಿ ಹಳೆಯ ಜಿಲ್ಲೆಯ ಹೆಸರಿನ ಮೇಲೆ ಬಣ್ಣ ಬಳಿದಿದ್ದರು, ಹೊಸದನ್ನು ಇನ್ನೂ ಬರೆದಿರಲಿಲ್ಲ. ಉಸಿರು ಹೆಚ್ಚು ಬೇಡದ ಕರೆಂಟಿನ ಕೊಳಲು ಇದೆಯೇ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆ. ಹೈದರಾಬಾದಿನಲ್ಲಿ ಯಾರೋ ಬಳಸಿ ಬಿಟ್ಟ ಎರಡನ್ನು ಅಂಗಡಿಯವನು ಬಟ್ಟೆ ಹಾಸಿ ಅದರ ಮೇಲಿಟ್ಟ. ಎರಡೂ ಮೊಳದುದ್ದದ ಕಪ್ಪು ಕೋಲುಗಳು. ತುದಿಗೆ ಬಾಯಲ್ಲಿಡಲು ರಬ್ಬರಿನ ಪೀಪಿ. ಒಳಗೊಂದು ಸೆನ್ಸರ್ ಉಸಿರನ್ನು ಅಳೆಯುತ್ತದೆ, ಸದ್ದು ಸ್ಪೀಕರಿನಿಂದ ಬರುತ್ತದೆ.

“ಯಾವ್ದು ಛಲೋ ಐತಿ ಅಂತ ನನ್ನ ಕೇಳಬ್ಯಾಡಮ್ಮಾ,” ಎಂದ ಅವನು. “ನಾ ತಬಲಾದಾಂವ. ನನಗ ಎರಡೂ ಬರೇ ಕೋಲೇ.”

ಮೊದಲನೆಯದಕ್ಕೆ ಒತ್ತುವ ಕೀಲಿಗಳಿರಲಿಲ್ಲ. ಲೋಹದ ಬಿಲ್ಲೆಗಳ ಮೇಲೆ ಬೆರಳು ಸೋಕಿದರೆ ಸಾಕು, ಸ್ವರ ಬದಲಾಗುತ್ತಿತ್ತು. ಹಗುರವಾಗಿ, ಚುರುಕಾಗಿ, ನೋಡಲೂ ಚೆಂದವಾಗಿತ್ತು. ಆದರೆ ಸನಾದಿಯವರ ಬೆರಳು ವಾದ್ಯದ ಮೇಲೆ ಮಲಗಿ ರೂಢಿ. ನನ್ನ ಕಿರುಬೆರಳು ಸುಮ್ಮನೆ ಒರಗಿದ್ದಕ್ಕೇ ಕರೆಯದ ಸ್ವರವೊಂದು ನುಗ್ಗಿ ಬಂತು. ಎರಡನೆಯದಕ್ಕೆ ಕ್ಲಾರಿನೆಟ್ಟಿನಂತೆ ಒತ್ತುವ ಕೀಲಿಗಳು. ಭಾರ ಜಾಸ್ತಿ, ಆದರೆ ಕೊರಳಿಗೆ ಹಾಕಿಕೊಳ್ಳಲು ಪಟ್ಟಿಯಿತ್ತು; ಬೆರಳು ಒರಗಿದರೂ ಅದು ಬಾಯಿ ಬಿಡುತ್ತಿರಲಿಲ್ಲ. ಅರ್ಧ ರಂಧ್ರ ಮುಚ್ಚಿ ಸ್ವರವನ್ನು ಜಾರಿಸುವ ನಮ್ಮ ಆಟ ಎರಡರಲ್ಲೂ ನಡೆಯದು. ಆದರೆ ಎರಡನೆಯದರಲ್ಲಿ ಪೀಪಿಯನ್ನು ತುಸು ಕಚ್ಚಿದರೆ ಸ್ವರ ಬಾಗುತ್ತಿತ್ತು. ಮಾವನ ತೊಡೆಯ ಮೇಲಿನ ಬೆರಳುಗಳನ್ನು ನೆನೆದು ಭಾರದ್ದನ್ನೇ ಆರಿಸಿದೆ.

ಮೊದಲು ನಾನು ಕಲಿತೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಲೋಕಕ್ಕೆ ಏನೂ ಕೇಳದು. ಪಕ್ಕದ ಮನೆಯ ಮಗ್ಗದ ಸದ್ದು ದೂರವಾಗಿ, ನನ್ನ ತಲೆಯೊಳಗೆ ಮಾತ್ರ ಒಂದು ಬೆಳಗು ಹರಿಯುತ್ತಿತ್ತು. ಕೆನ್ನೆ ಉಬ್ಬಿಸಿ ಸದ್ದಿಲ್ಲದೆ ಕುಳಿತವಳನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿ, “ಹೊಟ್ಟಿ ಹಸಿದ್ರ ರೊಟ್ಟಿ ಐತಿ. ಗಾಳಿ ಯಾಕ ತಿಂತಿ?” ಎಂದು ಕೇಳಿದಳು. ಹುಲ್ಲಿನ ಪೀಪಿ ಕಾಡಿಸಿ, ಸತಾಯಿಸಿ ಆಮೇಲೆ ಸ್ವರ ಕೊಡುತ್ತದೆ. ಇದು ನೆನೆಯುವ ಮೊದಲೇ ಕೊಟ್ಟುಬಿಡುತ್ತಿತ್ತು. ಊದುವುದಕ್ಕಿಂತ ಊದದೆ ತಡೆಯುವುದನ್ನು ಕಲಿಯಬೇಕಾಯಿತು.

ಮಕ್ತಲ್‌ಗೆ ಒಯ್ದಾಗ ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಏನವಾ ಸೊಸಿ, ಹುಕ್ಕಾ ತಂದೀಯೇನು?”

“ಊದಿ ನೋಡು ಮಾವಾ. ಮೆಲ್ಲಕ.”

ಮೆಲ್ಲಗೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ವಾದ್ಯ ಕಿರುಚಿತು, ಅತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಉಸಿರಿನ ಅಳತೆಯನ್ನು ಅತಿ ಕಡಿಮೆಗೆ ಇಳಿಸಿಕೊಟ್ಟೆ. ಈ ಸಲ ದೀಪ ಆರದ ಹಾಗೆ ಊದಿದ. ಸ್ವರ ಬಂತು, ನಿಂತಿತು.

“ಇಷ್ಟಽ ಸಾಕೇನು? ಇದು ಉಸುರಲ್ಲವಾ, ಉಂಡ ಮ್ಯಾಲಿನ ತೇಗು,” ಎಂದ. ಆದರೆ ಕೊರಳ ಪಟ್ಟಿಯನ್ನು ತೆಗೆಯಲಿಲ್ಲ. ಬೆರಳುಗಳು ತೊಡೆಯಿಂದೆದ್ದು ಕೀಲಿಗಳ ಮೇಲೆ ಮಲಗಿದವು. ಆ ರಾತ್ರಿ ದಿನಚರಿಯ ಎಡಗಡೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿದೆ. ಇದು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ನಿಶ್ಚಯವಿರಲಿಲ್ಲ.

ಮದುವೆಯ ದಿನ ನಮ್ಮ ಅಂಗಳದ ಚಪ್ಪರದಲ್ಲಿ ಮಾವ ಎಲ್ಲರಿಗಿಂತ ಮೊದಲು ಬಂದು ಕುಳಿತ. ಹಳೆಯ ಸನಾದಿಯನ್ನೂ ತಂದು, ಕುಂಕುಮ ಹಚ್ಚಿ ಪಕ್ಕದಲ್ಲಿ ಮಲಗಿಸಿದ್ದ. ನುಡಿಸುವುದಕ್ಕಲ್ಲ, ಮದುವೆ ನೋಡಲಿ ಎಂದು. ವಧುವನ್ನು ಕೈಹಿಡಿದು ಮಂಟಪಕ್ಕೆ ತರುವುದು ಸೋದರಮಾವನ ಕೆಲಸ. ಅಕ್ಕನನ್ನು ಕರೆತರಲು ಅವನು ಒಳಗೆ ಹೋದ. ಡೋಲಿನವರು ಶುರು ಮಾಡಿದ್ದರು. ಅಕ್ಕನನ್ನು ಕೂರಿಸಿ, ಕಣ್ಣೊರೆಸಿಕೊಂಡು ಬಂದವನು ಚಾಪೆಯ ಮೂಲೆಯಲ್ಲಿದ್ದ ನೀರಿನ ಬಟ್ಟಲಿಗೆ ಕೈ ಹಾಕಿದ. ಆಗ ನಾನು ನೋಡಿದೆ. ನುಡಿಸುವ ಮುನ್ನ ಪೀಪಿಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುವುದು ಅವನ ಜನ್ಮದ ರೂಢಿ. ಹುಲ್ಲಿನ ಪೀಪಿಯೊಂದಿಗೆ ಆ ಕಪ್ಪು ಕೋಲಿನ ತುದಿಯನ್ನೂ ಅದೇ ಬಟ್ಟಲಲ್ಲಿ ಮುಳುಗಿಸಿ ಹೋಗಿದ್ದ.

“ಮಾವಾ! ಒಳಗ ನೀರು ಹೋಗಿರ್ತೈತಿ!”

ಅವನು ಜಾಡಿಸಿದ, ಪಂಚೆಯಿಂದ ಒರೆಸಿದ, ಸ್ವಿಚ್ಚು ಒತ್ತಿದ. ಬಾಯಿಗಿಡುವ ಮೊದಲೇ ಸ್ಪೀಕರಿನಿಂದ ಒಂದು ಸ್ವರ ಹೊರಟಿತು. ಆರಿಸಿ ಮತ್ತೆ ಹಾಕಿದರೂ ಅದೇ. ಒದ್ದೆಯಾದ ಸೆನ್ಸರ್ ಯಾರೋ ಊದುತ್ತಲೇ ಇದ್ದಾರೆ ಎಂದುಕೊಂಡಿತ್ತು. ಬೆರಳಾಡಿಸಿದರೆ ಸ್ವರ ಬದಲಾಗುತ್ತಿತ್ತು, ಆದರೆ ಏರಿಲ್ಲ, ಇಳಿವಿಲ್ಲ, ಸತ್ತ ಸ್ವರಗಳು. ಮಂಟಪದಿಂದ ಅಕ್ಕ ನಮ್ಮ ಕಡೆಗೇ ನೋಡುತ್ತಿದ್ದಳು. ಮಾವ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡ.

“ಊದಬ್ಯಾಡ ಅಂದ್ರು ಡಾಕ್ಟ್ರು,” ಎಂದ. “ಇದು ಊದ್ಲಾರ್ದೇ ಊದಾಕತ್ತೈತಿ. ನನಗಿಂತ ಮಾತು ಕೇಳತೈತಿ ನೋಡು.” ನಕ್ಕ. ಒಂದು ಕೀಲಿಯ ಮೇಲೆ ಬೆರಳು ಊರಿ, ಸ್ವರವನ್ನು ನಮ್ಮ ಶ್ರುತಿಗೆ ನಿಲ್ಲಿಸಿದ. ಇನ್ನೊಂದು ಕೈಯಿಂದ ಬಟ್ಟಲಿನ ಹುಲ್ಲಿನ ಪೀಪಿಯನ್ನು ಎತ್ತಿ ನನ್ನ ಮುಂದೆ ಹಿಡಿದ. “ತಗೋ. ನೆಂದೈತಿ.”

“ನಾನಾ? ನಿನ್ನ ಮಾತು ಐತಲ್ಲ, ನಿಂದೇ ಸನಾದಿ ಅಂತ.”

“ಸನಾದಿ ನಂದೇ ಐತಿ. ಪೀಪಿ ನಂದೇ ಐತಿ. ಊದು, ಮುಹೂರ್ತ ಮೀರತೈತಿ.”

ಪಕ್ಕದಲ್ಲಿ ಮಲಗಿದ್ದ ಸನಾದಿಯನ್ನು ಎತ್ತಿ, ಅದರ ತುದಿಗೆ ಪೀಪಿ ಸಿಕ್ಕಿಸಿ ಬಾಯಿಗಿಟ್ಟೆ. ಎಲೆಯಡಿಕೆಯ ರುಚಿಯಿತ್ತು. ಅದು ಕಾಡಿಸಿತು, ಸತಾಯಿಸಿತು, ಕೊಟ್ಟಿತು. ತಾಳಿಯ ಹೊತ್ತಿಗೆ ಡೋಲು ಭೋರ್ಗರೆಯಿತು. ಅಕ್ಷತೆ ಬಿತ್ತು. ಹಳದಿ ಕಾಳುಗಳು ಬಿಸಿಲಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದದ್ದು ಮಾತ್ರ ನೆನಪಿದೆ. ಆಮೇಲೆ ಡೋಲು ತಗ್ಗಿ, ನಾನು ವಿಳಂಬದಲ್ಲಿ ರಾಗವನ್ನು ಬಿಡಿಸತೊಡಗಿದೆ. ಹಿಂದೆ ಶ್ರುತಿ ಕೆರೆಯ ನೀರಿನಂತೆ ಕದಲದೆ ನಿಂತಿತ್ತು. ಉಸಿರಿಲ್ಲದ ಶ್ರುತಿಯ ಮೇಲೆ ನಡೆಯಲು ಮೊದಮೊದಲು ಹೆದರಿಕೆಯಾಗಿತ್ತು. ಬರಬರುತ್ತ ಹೆದರಿಕೆ ಹೋಯಿತು. ಯಾಕೆಂದು ಯೋಚಿಸಲಿಲ್ಲ.

ಆಗ ಶ್ರುತಿ ಕಡಿಯಿತು. ಕೂದಲೆಳೆಯಷ್ಟು. ಮತ್ತೆ ಕೂಡಿಕೊಂಡಿತು.

ಓರೆಗಣ್ಣಿನಿಂದ ನೋಡಿದೆ. ಮಾವ ಕಣ್ಣು ಮುಚ್ಚಿದ್ದ. ರಬ್ಬರಿನ ತುದಿ ಅವನ ತುಟಿಗಳ ನಡುವೆ ಇತ್ತು. ಮೂಗು ಮೆಲ್ಲಗೆ ಎಳೆಯುತ್ತಿತ್ತು, ಕೆನ್ನೆ ಉಬ್ಬಿ ಇಳಿಯುತ್ತಿತ್ತು. ಒಳಗಿನ ನೀರು ಯಾವಾಗ ಒಣಗಿತ್ತೋ, ಯಂತ್ರ ಬಿಟ್ಟ ಸ್ವರವನ್ನು ಅವನು ಯಾವಾಗ ಉಸಿರಿಗೆ ತೆಗೆದುಕೊಂಡಿದ್ದನೋ, ನನಗೆ ಗೊತ್ತಾಗಿರಲಿಲ್ಲ.

ನನ್ನ ಕೈಗಳು ಸನಾದಿಯ ಮೇಲಿದ್ದವು. ಮೊಣಕಾಲಿನಿಂದ ಅವನ ಮೊಣಕಾಲಿಗೆ ತಟ್ಟಿದೆ. ಅವನು ಕಣ್ಣು ತೆರೆಯಲಿಲ್ಲ. ಸ್ವರ ಮಾತ್ರ, ನಗುವವನ ಬಾಯಿಂದ ಬಂದ ಹಾಗೆ, ಸ್ವಲ್ಪ ನಡುಗಿತು.