ಬ್ರೇಕ್ ಇಲ್ಲದ ಜೀಪಿನ ಬ್ರೇಕು

ಆ ಸಿನಿಮಾದ ಮೂರು ಭಾಗಗಳಲ್ಲೂ ಹೀರೋನ ಜೀಪಿಗೆ ಬ್ರೇಕ್ ಇರುವುದಿಲ್ಲ. ಮೊದಲ ಭಾಗದಲ್ಲಿ ವಿಲನ್ ಕಡೆಯವರು ಬ್ರೇಕಿನ ಪೈಪು ಕತ್ತರಿಸುತ್ತಾರೆ. ಎರಡನೆಯದರಲ್ಲಿ ಅವನೇ ಬೇಕೆಂದು ಕಿತ್ತು ಬಿಸಾಡುತ್ತಾನೆ. ಮೂರನೆಯದು ಬರುವ ಹೊತ್ತಿಗೆ ಯಾಕೆ ಬ್ರೇಕ್ ಇಲ್ಲ ಎಂದು ಕೇಳುವವರೇ ಇರಲಿಲ್ಲ. ಕಪ್ಪು ಜೀಪು ಘಾಟಿ ಇಳಿಯುತ್ತದೆ, ಎದುರಿಗೆ ಲಾರಿ ಬರುತ್ತದೆ, ಆಮೇಲೆ ಮುರಿದ ಸೇತುವೆ. ಹಾಸನದ ಟಾಕೀಸಿನಲ್ಲಿ ಆ ಜಾಗ ಬಂದಾಗ ಜನ ಕುರ್ಚಿ ಮೇಲೆ ಎದ್ದು ನಿಲ್ಲುತ್ತಿದ್ದರು. ನಾನೂ ನಿಂತಿದ್ದೇನೆ.

ಆ ಜೀಪಿಗೆ ನಿಜವಾದ ಬ್ರೇಕ್ ಮಾಡುವ ಕೆಲಸ ನನಗೆ ಬಂತು.

ನನ್ನದು ಹೊಳೆನರಸೀಪುರದಲ್ಲಿ ವೆಲ್ಡಿಂಗ್ ಶಾಪು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವುದು ಮುಖ್ಯ ಕೆಲಸ. ಶಾಂತಿಗ್ರಾಮದ ಹತ್ತಿರ ಹೈವೇ ಪಕ್ಕದ ತಮ್ಮ ಜಮೀನಿನಲ್ಲಿ ಒಬ್ಬರು ಪಾರ್ಕು ಮಾಡಿದ್ದರು. ನೀರಿನ ಜಾರುಬಂಡೆ, ತೊಟ್ಟಿಲು, ಮಕ್ಕಳ ರೈಲು ಎಲ್ಲ ಇತ್ತು. ನಾವೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದೆವು. ಮೂರನೆಯ ಭಾಗ ನೋಡಿ ಬಂದ ಮೇಲೆ ಅವರಿಗೆ ಒಂದೇ ಹುಚ್ಚು: ಜನ ಆ ಜೀಪಿನಲ್ಲಿ ಕೂರಬೇಕು. ಸಿನಿಮಾದವರನ್ನು ಹುಡುಕಿಕೊಂಡು ಹೋಗಿ ಒಪ್ಪಿಗೆಯನ್ನೂ ತಂದರು. ಜೀಪು, ಲಾರಿ, ಸೇತುವೆ ಮಾಡಬಹುದು, ಆದರೆ ಹೀರೋನ ಮುಖ ಎಲ್ಲೂ ಕಾಣಿಸಬಾರದು ಎಂದು ಅದರಲ್ಲಿ ಬರೆದಿತ್ತು.

"ಮುಖ ಯಾಕಯ್ಯಾ ಬೇಕು," ಎಂದರು ಯಜಮಾನರು. "ಬೆನ್ನು ತೋರ್ಸುದ್ರೆ ಸಾಕು. ಆ ಬೆನ್ನ ಯಾರಿಗ್ ಗೊತ್ತಿಲ್ಲ."

ಹಾಗಾಗಿ ಜೀಪಿನ ಡ್ರೈವರ್ ಸೀಟಿನಲ್ಲಿ ಬೆನ್ನು ಮಾತ್ರ ಇರುವ ಒಂದು ಬೊಂಬೆ ಕೂತಿತು. ಎದುರಿನಿಂದ ನೋಡಿದರೆ ಬರೀ ಹಲಗೆ.

ರೈಡು ಹೀಗಿತ್ತು. ಮಣ್ಣು ಸುರಿದು ಎತ್ತರದ ಒಂದು ದಿಬ್ಬ ಮಾಡಿ ಅದರ ಮೇಲಿನಿಂದ ಕಬ್ಬಿಣದ ಹಳಿ ಇಳಿಸಿದ್ದೆವು. ಜೀಪನ್ನು ಮೋಟರಿನಿಂದ ಮೇಲಕ್ಕೆ ಎಳೆಯುವುದು. ಅಲ್ಲಿ ಒಂದು ಲಿವರ್ ಅದನ್ನು ಹಿಡಿದುಕೊಂಡಿರುತ್ತದೆ. ಲಿವರ್ ಬಿಟ್ಟರೆ ಜೀಪು ಮೊದಲು ಸಪಾಟಾದ ಜಾಗದಲ್ಲಿ ನಿಧಾನಕ್ಕೆ ಉರುಳುತ್ತದೆ. ಕೂತವರಿಗೆ ಭಯ ಏರಲಿ ಎಂದು ಹಾಗೆ ಮಾಡಿದ್ದು. ಆಮೇಲೆ ಇಳಿಜಾರು, ತಿರುವು, ತಗಡಿನ ಶೆಡ್ಡು. ಶೆಡ್ಡಿನೊಳಗೆ ಎಡಕ್ಕೆ ಲಾರಿಯ ಮುಂಭಾಗ, ಚನ್ನರಾಯಪಟ್ಟಣದ ಗುಜರಿಯಿಂದ ತಂದದ್ದು. ಅದರ ಮಗ್ಗುಲಲ್ಲೇ ಮುರಿದ ಸೇತುವೆ. ಬ್ರೇಕು ಇದ್ದದ್ದು ಎರಡೇ ಕಡೆ: ಮೇಲೆ ಲಿವರು, ಕೊನೆಯಲ್ಲಿ ಜೀಪನ್ನು ಹಿಡಿದು ನಿಲ್ಲಿಸುವ ಪಟ್ಟಿಗಳು. ನಡುವೆ ಒಂದು ಬ್ರೇಕ್ ಹಾಕೋಣ ಎಂದಿದ್ದೆ.

"ಬ್ರೇಕ್ ಇಲ್ದಿರೋ ಜೀಪು ಕಣಯ್ಯ ಇದು," ಎಂದು ಯಜಮಾನರು ನಕ್ಕಿದ್ದರು. "ನಡ್ಮಧ್ಯ ನಿಲ್ಲುಸ್ಬುಟ್ರೆ ಜನ ಎದ್ದು ಮನೆಗೋಯ್ತಾರೆ."

ಕರೆಂಟಿನ ಕೆಲಸಕ್ಕೆ ನನ್ನ ಬಾಮೈದನನ್ನು ಅರಕಲಗೂಡಿನಿಂದ ಕರೆಸಿದ್ದೆ. ನಲವತ್ತು ದಾಟಿದವನು, ಪಂಪ್‌ಸೆಟ್ ಮೋಟರ್ ಸುತ್ತುವುದರಲ್ಲಿ ಗಟ್ಟಿಗ. ಅವನಿಗೆ ಬರುವುದು ಇಷ್ಟವಿರಲಿಲ್ಲ. ನನ್ನ ಹೆಂಡತಿ ಫೋನ್ ಮಾಡಿ ಒಪ್ಪಿಸಿದ್ದಳು. "ನಿಮ್ ಬಾವುಂಗೆ ಕರೆಂಟ್ ತಿಳಿಯಲ್ಲ, ನೀನ್ ಜೊತೆಗಿರು," ಎಂದು ಅವನಿಗೆ ಹೇಳಿ, ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಅವ್ನು ಒಂಚೂರು ಮೈಮರ್ತು ಕೆಲ್ಸ ಮಾಡ್ತಾನೆ, ನೋಡ್ಕಳಿ," ಎಂದಿದ್ದಳು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಲಿವರ್ ಹತ್ತಿರ ಕೂರುವವರು ಹಳೇಕೋಟೆಯ ಒಬ್ಬ ಹಿರಿಯರು. ಆಲೆಮನೆಯಲ್ಲಿ ಕಬ್ಬಿನ ಗಾಣದ ಇಂಜಿನ್ ನೋಡಿಕೊಂಡಿದ್ದವರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾರೆ. ಅವರಿಗೆ ದಿಬ್ಬದ ಮೇಲಿನಿಂದ ಶೆಡ್ಡಿನ ಒಳಗಡೆ ಕಾಣುವುದಿಲ್ಲ. ತಗಡಿನ ಒಳಗೆ ಫೋನ್ ಸಿಗುವುದಿಲ್ಲ. ಆದ್ದರಿಂದ ಕೂಗಿ ಹೇಳುವುದೆಂದು ತೀರ್ಮಾನವಾಯಿತು. ಏನು ಕೂಗಬೇಕೆಂದು ನಾನೇ ಒಂದು ಹಲಗೆಯ ಮೇಲೆ ಬರೆದೆ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಹತ್ತನೇ ಕ್ಲಾಸ್ ಪಾಸಾದದ್ದು ಮೀಸೆ ನೆರೆಯುವ ವಯಸ್ಸಿನಲ್ಲಿ. ಬೋರ್ಡು ಬರೆಯುವುದೆಂದರೆ ನನಗೆ ಸಂಭ್ರಮ. ಬಿಳಿ ಬಣ್ಣದಲ್ಲಿ ಎರಡೇ ಮಾತು ಬರೆದು ಶೆಡ್ಡಿನ ಬಾಗಿಲ ಪಕ್ಕ ನೇತುಹಾಕಿದೆ:

ತಡಿ ಅಂದರೆ ನಿಲ್ಲಿಸು.
ಬುಡು ಅಂದರೆ ಬಿಡು.

ಹಿರಿಯರಿಗೆ ಓದು ಬರುತ್ತಿರಲಿಲ್ಲ. ನಾನೇ ಓದಿ ಹೇಳಿಕೊಟ್ಟೆ. ಅವರು ಪಾಠದ ಹಾಗೆ ಎರಡು ಸಲ ಒಪ್ಪಿಸಿದರು. "ತಡಿ ಅಂದ್ರೆ ಮುಟ್ಟಂಗಿಲ್ಲ. ಬುಡು ಅಂದ್ರೆ ಬುಡದು. ಅಷ್ಟೇ ತಾನೆ?"

"ಅಷ್ಟೇ ಅಣ್ಣ," ಎಂದೆ.

ಒಂದು ವಾರ ಮೂಟೆ ತುಂಬಿ ಜೀಪು ಓಡಿಸಿದೆವು. ಖಾಲಿಯಾದ ಹಿಂಡಿ ಚೀಲಗಳಿಗೆ ಮರಳು ತುಂಬಿ, ಮನುಷ್ಯರು ಕೂರುವ ಜಾಗದಲ್ಲಿ ಕೂರಿಸುತ್ತಿದ್ದೆವು. ಮಿಕ್ಕ ಮೂಟೆಗಳು ಶೆಡ್ಡಿನ ಬಾಗಿಲಲ್ಲಿ ರಾಶಿ ಬಿದ್ದಿದ್ದವು. ಹಳಿಯ ಮೇಲೆ ಕೆಲಸ ಇದ್ದರೆ ಮೊದಲು ಜೀಪನ್ನು ಕೆಳಗಿಳಿಸಬೇಕು ಎಂಬುದು ನಾನೇ ಮಾಡಿದ ಇನ್ನೊಂದು ನಿಯಮ. ಮೋಟರಿನಲ್ಲಿ ಇಳಿಸಲು ಹೊತ್ತು ಹಿಡಿಯುತ್ತಿತ್ತು, ಆದರೂ ಬಿಡುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಬಿಟ್ಟೆವು.

ಮಾರನೆಯ ದಿನ ಹಾಸನದಿಂದ ಇಂಜಿನಿಯರ್ ಬಂದು ನೋಡಿ ಸಹಿ ಹಾಕಬೇಕಿತ್ತು. ಅದಕ್ಕೆ ಮುಂಚೆ ಯಜಮಾನರಿಗೆ ವಿಡಿಯೋ ಬೇಕು. ಕ್ಯಾಮೆರಾದವರು ಬಂದು ನಿಂತಿದ್ದರು. ಮೂಟೆ ತುಂಬಿದ ಜೀಪು ದಿಬ್ಬ ಹತ್ತಿ ಲಿವರಿನ ಹಿಡಿತದಲ್ಲಿ ನಿಂತಿತು. ಆಗ ನೋಡಿದರೆ ಲಾರಿಯ ಒಂದು ಲೈಟು ಉರಿಯುತ್ತಿಲ್ಲ.

"ಒಕ್ಕಣ್ಣ್ ಲಾರಿ," ಎಂದ ಬಾಮೈದ. "ಬಾವ, ವೈರ್ ಲೂಸಾಗದೆ. ಎರಡ್ ನಿಮ್ಸ ಕೊಡು."

"ಜೀಪ್ ಇಳುಸ್ಲಾ ಮೊದ್ಲು?" ಎಂದೆ.

"ಎರಡ್ ನಿಮ್ಸಕ್ ಜೀಪ್ ಇಳುಸ್ತೀಯಾ? ಅಲ್ಲಿ ಮೋಡ ಬತ್ತಾವೆ, ನೋಡು. ಕ್ಯಾಮೆರಾದೋರು ಓಗ್ಬುಡ್ತಾರೆ."

ನಾನು ದಿಬ್ಬದ ಕಡೆ ತಿರುಗಿ, "ತಡಿ ಅಣ್ಣೋ," ಎಂದು ಕೂಗಿದೆ. ಮೇಲಿನಿಂದ "ತಡ್ದೆ," ಎಂದು ಉತ್ತರ ಬಂತು. ಅಷ್ಟು ಸಾಕೆಂದುಕೊಂಡೆ.

ಬಾಮೈದ ಸೇತುವೆಯ ಮೇಲೆ ಹೋಗಿ ಎರಡೂ ಹಳಿಗಳ ಮೇಲೆ ಒಂದೊಂದು ಕಾಲಿಟ್ಟು ನಿಂತ. ಎಡಗಡೆ ಲಾರಿ, ಬಲಗಡೆ ತಗಡಿನ ಗೋಡೆ. ಕೆಳಗೆ ಗುಂಡಿ, ಅದರಲ್ಲಿ ಸೇತುವೆ ಮುರಿದ ಹಾಗೆ ಕಾಣಲೆಂದು ನಾನೇ ನೆಟ್ಟ ಕಬ್ಬಿಣದ ಸರಳುಗಳು. ಜೀಪು ಬಂದರೆ ಅವನಿಗೆ ಸರಿಯಲು ಒಂದು ಗೇಣು ಜಾಗವಿರಲಿಲ್ಲ. ಇದು ನನಗೆ ಗೊತ್ತಿತ್ತು. ಅಳತೆ ಹಿಡಿದವನೇ ನಾನು.

ಎರಡು ನಿಮಿಷ ಐದಾಯಿತು, ಹತ್ತಾಯಿತು. ಅವನು ವೈರಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಲೈಟಿನೊಳಗೆ ಕೈ ಹಾಕಿದ್ದ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಒಮ್ಮೆ ಅವನನ್ನು, ಒಮ್ಮೆ ದಿಬ್ಬವನ್ನು ನೋಡುತ್ತಿದ್ದೆ. ದಿಬ್ಬದ ಮೇಲೆ ಕಪ್ಪು ಜೀಪು, ಅದರೊಳಗೆ ಆರು ಮೂಟೆ, ಮುಂದೆ ಮುಖವಿಲ್ಲದ ಬೊಂಬೆ. ಇಳಿಸಿಬಿಡೋಣ ಎಂದುಕೊಂಡೆ. ಇನ್ನೇನು ಮುಗಿಯಿತಲ್ಲ ಎಂದೂ ಅಂದುಕೊಂಡೆ.

ಆಗ ಯಜಮಾನರು ನನ್ನ ಪಕ್ಕಕ್ಕೆ ಬಂದರು. ಒಳ್ಳೆಯ ಮನುಷ್ಯ. ಆವತ್ತು ಮುಂಜಾನೆಯಿಂದ ಬಾಮೈದ ಊಟ ಮಾಡಿಲ್ಲ ಎಂಬುದು ಅವರ ಗಮನಕ್ಕೆ ಬಂದಿತ್ತು. ಅವರದು ಹೊಲದ ಈ ತುದಿಯಿಂದ ಆ ತುದಿಗೆ ಆಳುಗಳನ್ನು ಕೂಗಿ ಪಳಗಿದ ಗಂಟಲು. ಶೆಡ್ಡಿನ ಒಳಗೆ ಬಗ್ಗಿ ಪ್ರೀತಿಯಿಂದಲೇ ಕೂಗಿದರು.

"ಒಂದ್ ಲೈಟ್ ಉರೀದಿದ್ರೆ ಏನಾಯ್ತದಯ್ಯಾ. ಬುಡು, ಬುಡು ಅತ್ಲಾಗೆ. ಬಾ, ಉಣ್ಣು ಬಾ."

ತಗಡು ಆ ಮಾತನ್ನು ಎರಡು ಪಟ್ಟು ಮಾಡಿ ದಿಬ್ಬದ ಕಡೆಗೆ ಕಳಿಸಿತು. ಮೇಲೆ ಲಿವರು 'ಟಕ್' ಎಂದಿತು.

ಆ ಸದ್ದು ನನಗೆ ಮಾತ್ರ ಅರ್ಥವಾಯಿತು. ಯಜಮಾನರು ಇನ್ನೂ ನಗುತ್ತಲೇ ಇದ್ದರು. ನಾನು "ತಡಿ, ತಡಿ," ಎಂದು ಕೂಗಿದೆ. ಬಿಟ್ಟ ಜೀಪನ್ನು ತಡೆಯಲು ಮೇಲೆ ಏನೂ ಇರಲಿಲ್ಲ. ಅದು ಸಪಾಟಿನಲ್ಲಿ ನಿಧಾನಕ್ಕೆ ಉರುಳಿತು. ಬೊಂಬೆಯ ಹಲಗೆ ಮುಖ ನನ್ನ ಕಡೆ ತಿರುಗಿತು. ಆಮೇಲೆ ಜೀಪಿನ ಮೂತಿ ಇಳಿಜಾರಿಗೆ ಬಗ್ಗಿತು.

ಟ್ರೇಲರ್ ಕೆಲಸದವರು ಗಾಡಿ ಉರುಳಿದರೆ ಮೊದಲು ಚಕ್ರದ ಕೆಳಗೆ ಏನಾದರೂ ಕೊಡುತ್ತಾರೆ. ಯೋಚನೆ ಬೇಕಿಲ್ಲ, ಕೈಯೇ ಹುಡುಕುತ್ತದೆ. ನನ್ನ ಕೈಗೆ ಸಿಕ್ಕಿದ್ದು ಮರಳಿನ ಮೂಟೆ. ಒಂದನ್ನು ಹಳಿಯ ಮೇಲೆ ಎಳೆದು ಹಾಕಿದೆ. ಎರಡನೆಯದನ್ನು ಕಾಲಿನಲ್ಲಿ ನೂಕಿದೆ. ಅಷ್ಟರಲ್ಲಿ ಯಜಮಾನರಿಗೂ ಜೀಪು ಕಂಡಿತು. ಬಾಮೈದ ತಲೆಯೆತ್ತಿದ. ವೈರು ಇನ್ನೂ ಹಲ್ಲಲ್ಲೇ ಇತ್ತು. ಅವನು ಓಡಲಿಲ್ಲ, ಎಲ್ಲಿಗೆ ಓಡುತ್ತಾನೆ. ಲಾರಿಯ ಮುಖವನ್ನು ಎರಡೂ ಕೈಯಿಂದ ತಬ್ಬಿಕೊಂಡ.

ಜೀಪು ತಿರುವು ದಾಟಿ ಬಂತು. ಮೊದಲ ಮೂಟೆ ಒಡೆದು ಮರಳು ಕಣ್ಣಿಗೆ ಹೊಡೆಯಿತು. ಮುಂದಿನ ಚಕ್ರ ಎರಡನೆಯದನ್ನು ಹತ್ತಿ ಹಳಿಯಿಂದ ಆಚೆ ಬಿತ್ತು. ಜೀಪು ಬಲಗಡೆ ವಾಲಿ, ತಗಡನ್ನು ಕಿವಿ ಕಿತ್ತು ಹೋಗುವ ಹಾಗೆ ಕೆರೆದುಕೊಂಡು ಹೋಗಿ ನಿಂತಿತು. ಸೇತುವೆಗೆ ಇನ್ನೂ ಒಂದು ಮಾರು ಇತ್ತು.

ಬೊಂಬೆ ಸೀಟಿನಿಂದ ಹಾರಿ ಸೇತುವೆಯ ಸರಳುಗಳ ಮೇಲೆ ಬಿದ್ದಿತ್ತು. ಒಂದು ಸರಳು ಅದರ ಬೆನ್ನಿನಿಂದ ಹೊರಗೆ ಬಂದಿತ್ತು. ಬಾಮೈದ ಅದನ್ನೇ ನೋಡುತ್ತಿದ್ದ. ಕೊನೆಗೆ ಹಲ್ಲಿನಿಂದ ವೈರು ತೆಗೆದು ಹೇಳಿದ: "ಬಾವ, ಲೈಟ್ ಅತ್ಕೊಂತು ನೋಡು."

ನಿಜ, ಲಾರಿಯ ಎರಡು ಕಣ್ಣೂ ಉರಿಯುತ್ತಿದ್ದವು. ನಾನು ಮರಳಿನ ಮೇಲೆ ಕೂತುಬಿಟ್ಟೆ.

ಹಿರಿಯರು ದಿಬ್ಬದಿಂದ ಇಳಿದು ಬಂದರು. ಜೀಪು ನೋಡಿದರು, ಬಾಮೈದನನ್ನು ನೋಡಿದರು.

"ಯಾಕಣ್ಣ ಬುಟ್ಟೆ?" ಎಂದರು ಯಜಮಾನರು.

"ನೀವೇ ಬುಡು ಅಂದ್ರಲ್ಲ ಸಾ."

"ನಾನಂದಿದ್ದು ಲೈಟ್ ಬುಡು ಅಂತ. ಕೆಲ್ಸ ಬುಟ್ಟು ಉಣ್ಣಕ್ ಬಾ ಅಂತ."

"ಅದೆಲ್ಲಾ ನಂಗೇನ್ ಕಾಣ್ತದೆ ಸಾ ಅಲ್ಲಿಗೆ. ಬುಡು ಅಂದ್ರೆ ಬುಡದು. ಬೋರ್ಡಲ್ಲೇ ಬರ್ದವ್ರೆ."

ಎಲ್ಲರೂ ಬೋರ್ಡಿನ ಕಡೆ ನೋಡಿದರು. ನನ್ನ ಅಕ್ಷರ, ದುಂಡಗೆ, ಬೆಳ್ಳಗೆ. ನಮ್ಮ ಕಡೆ ದಿನಕ್ಕೆ ನೂರು ಸಲ ಬುಡು ಎನ್ನುತ್ತೇವೆ. ಜಗಳವಾಡುವವರಿಗೆ ಬುಡು, ಅಳುವವರಿಗೆ ಬುಡು, ಇನ್ನೊಂದು ಮುದ್ದೆ ಹಾಕಲು ಬಂದವರಿಗೆ ಬುಡು. ಬೇಡ ಎನ್ನಲು ಇರುವ ಮಾತನ್ನೇ ಹೊರಡು ಎನ್ನಲು ಇಟ್ಟವನು ನಾನು. ಹಿರಿಯರದೂ ತಪ್ಪಲ್ಲ, ಯಜಮಾನರದೂ ಅಲ್ಲ. ಹಾಗೆಂದು ಅಲ್ಲಿಯೇ ಹೇಳಿದೆ. ಜೀಪನ್ನು ಇಳಿಸದೆ ಅವನನ್ನು ಹಳಿಯ ಮೇಲೆ ಬಿಟ್ಟವನೂ ನಾನೇ ಎಂದೆ. ಮಾರನೆಯ ದಿನ ಬಂದ ಇಂಜಿನಿಯರಿಗೂ ಅದನ್ನೇ ಹೇಳಿದೆ. ಅವರು ಸಹಿ ಹಾಕದೆ ಹೋದರು. ಯಜಮಾನರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. ಆಮೇಲೆ, "ಟ್ರೇಲರಿಗೆ ಪಿನ್ ಹಾಕ್ದೆ ನೀವು ಯಾವತ್ತಾದ್ರೂ ಶಾಪಿಂದ ಆಚೆ ಕಳ್ಸಿದ್ರಾ?" ಎಂದು ಕೇಳಿದಳು.

ಇಲ್ಲ. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಒಂದು ದಪ್ಪ ಪಿನ್ನು ಇರುತ್ತದೆ, ಅದಿಲ್ಲದೆ ನಾನು ಗಾಡಿ ಕೊಟ್ಟವನಲ್ಲ. ಲಿವರಿಗೆ ಅಂಥದೊಂದು ತೂತು ಕೊರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಎರಡು ತಿಂಗಳು ಹಿಡಿಯಿತು. ನಡುವೆ ಇನ್ನೊಂದು ಬ್ರೇಕ್ ಹಾಕಿದೆ, ಈ ಸಲ ಯಜಮಾನರು ಬೇಡ ಎನ್ನಲಿಲ್ಲ. ಲಿವರಿಗೆ ಪಿನ್ನು ಬಂತು. ಹಳಿಯ ಮೇಲೆ ಯಾರು ಇಳಿಯುತ್ತಾರೋ ಅವರು ಪಿನ್ನು ಹಾಕಿ ಬೀಗ ಜಡಿದು, ಆ ಬೀಗದ ಕೈಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅವರು ಬಂದು ಕೀ ಕೊಡುವ ತನಕ ಲಿವರು ಅಲುಗುವುದಿಲ್ಲ, ಯಾರು ಏನೇ ಕೂಗಲಿ. ಬೋರ್ಡು ಕಿತ್ತುಹಾಕಿದೆ. ಮಾತಿನ ಬದಲು ಬಸ್ ಕಂಡಕ್ಟರ್ ಸೀಟಿ ತಂದೆ. ಒಂದು ಸಲ ಊದಿದರೆ ನಿಲ್ಲಿಸುವುದು, ಎರಡು ಸಲ ಊದಿದರೆ ಹೊರಡುವುದು.

ಇಂಜಿನಿಯರ್ ಮತ್ತೆ ಬಂದ ದಿನ ಮೂಟೆಗಳ ಜಾಗದಲ್ಲಿ ಮೊದಲ ಸಲ ಮನುಷ್ಯರು ಕೂರಬೇಕಿತ್ತು. ಬಾಮೈದ ಯಾರನ್ನೂ ಕೇಳದೆ ಹೋಗಿ ಮುಂದಿನ ಸೀಟಿನಲ್ಲಿ, ಹೊಸ ಬೊಂಬೆಯ ಪಕ್ಕ ಕೂತ.

"ಇಳಿಯೋ ನೀನು," ಎಂದೆ. "ನಾನ್ ಕೂತ್ಕತೀನಿ."

"ನೀನ್ ಊದು ಬಾವ. ಅವತ್ತು ಎದುರ್ನಿಂದ ನೋಡ್ದೆ, ಇವತ್ತು ಒಳಗಿಂದ ನೋಡ್ತೀನಿ."

ಜೀಪು ದಿಬ್ಬದ ಮೇಲೆ ಹೋಗಿ ನಿಂತಿತು. ನಾನು ಶೆಡ್ಡಿನೊಳಗೆ ಹೋಗಿ ಬಂದೆ. ಯಾರೂ ಇರಲಿಲ್ಲ. ಮತ್ತೆ ಹೋಗಿ ಗುಂಡಿಯಲ್ಲಿ ಬಗ್ಗಿ ನೋಡಿ ಬಂದೆ. ಇಂಜಿನಿಯರ್ ಗಡಿಯಾರ ನೋಡಿದರು. ಸೀಟಿ ಬಾಯಿಗಿಟ್ಟೆ. ಎರಡು ಸಲ ಊದಿದರೆ ಅವನು ಹೊರಡುತ್ತಾನೆ, ಆಮೇಲೆ ನಡುವಿನ ಬ್ರೇಕಿನ ತನಕ ಅವನನ್ನು ಹಿಡಿಯುವುದು ಏನೂ ಇಲ್ಲ. ಕಣ್ಣು ಮುಚ್ಚಿಕೊಂಡು ಊದಿದೆ.

ಜೀಪು ಹೊರಡಲಿಲ್ಲ.

ಮತ್ತೆ ಎರಡು ಸಲ ಊದಿದೆ. ದಿಬ್ಬದ ಮೇಲೆ ಹಿರಿಯರು ಲಿವರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುವುದು ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಯಜಮಾನರು ನನ್ನ ಮುಖ ನೋಡಿದರು. ಮೇಲಿನಿಂದ ಹಿರಿಯರ ದನಿ ಬಂತು: "ಪಿನ್ ಅಂಗೇ ಅದೆ. ಕೀ ಯಾರತ್ರ ಐತೆ?"

ಬಾಮೈದ ಜೀಪಿನಲ್ಲಿ ಕೂತಲ್ಲೇ ಶರ್ಟಿನ ಜೇಬು ಮುಟ್ಟಿಕೊಂಡ, ಪ್ಯಾಂಟಿನ ಜೇಬು ಮುಟ್ಟಿಕೊಂಡ. ಬೆಳಗ್ಗೆ ಲಾರಿಯ ಲೈಟು ಒರೆಸಲು ಹಳಿಗೆ ಇಳಿದಿದ್ದವನು ಅವನೇ.

"ನನ್ನತ್ರನೇ ಅದೆ ಬಾವ," ಎಂದ.

ಯಜಮಾನರು ಹಣೆ ಚಚ್ಚಿಕೊಂಡರು. ಇಂಜಿನಿಯರ್ ಮಾತ್ರ ಜೇಬಿನಿಂದ ಪೆನ್ನು ತೆಗೆದು, "ಇದನ್ನೇ ನಾನು ನೋಡಬೇಕಾಗಿತ್ತು," ಎಂದು ಕಾಗದದಲ್ಲಿ ಏನೋ ಬರೆದುಕೊಂಡರು. ನಾನು ಸೀಟಿಯನ್ನು ಬಾಯಿಂದ ತೆಗೆದೆ. ಬ್ರೇಕ್ ಇಲ್ಲದ ಜೀಪು ದಿಬ್ಬದ ಮೇಲೆ, ನಾಲ್ಕು ಸಲ ಸೀಟಿ ಕೇಳಿಯೂ, ಕಟ್ಟಿಹಾಕಿದ ಎತ್ತಿನ ಹಾಗೆ ನಿಂತಿತ್ತು. ನೋಡಿದಷ್ಟೂ ನೋಡಬೇಕೆನಿಸಿತು. ಬಾಮೈದ ಕೀ ಕೊಡಲು ಕೈ ಚಾಚಿದ್ದ, ಹಿರಿಯರು ಇಸಿದುಕೊಳ್ಳಲು ಲಿವರ್ ಬಿಟ್ಟು ಜೀಪಿನ ಹತ್ತಿರ ಬರುತ್ತಿದ್ದರು. ಅವಸರವೇನಿಲ್ಲ, ನಿಧಾನಕ್ಕೆ ಆಗಲಿ ಎಂದು ಕೆಳಗಿನಿಂದ ಕೂಗಿದೆ.