ಟ್ರೇಯಲ್ಲೇ ಉಳಿದ ಕಪ್‌ಗಳು

ಪ್ಯಾಕಿಂಗ್ ಟೇಪನ್ನು ಅಕ್ಕ ಹಲ್ಲಿನಿಂದಲೇ ಹರಿಯುತ್ತಿದ್ದರು. ಕತ್ತರಿ ಪಕ್ಕದಲ್ಲಿದ್ದರೂ ಅದರ ಗೋಜಿಗೆ ಹೋಗುತ್ತಿರಲಿಲ್ಲ. ಬಲಗಡೆಯ ಕೋರೆಹಲ್ಲಿಗೆ ಟೇಪಿನ ಅಂಚು ಸಿಕ್ಕಿಸಿ ಕತ್ತನ್ನು ಒಮ್ಮೆ ಪಕ್ಕಕ್ಕೆಳೆದರೆ ಚರ್ರೆಂದು ಹರಿದು ಬರುತ್ತಿತ್ತು. ಹರಿದ ತುಂಡುಗಳನ್ನು ಎಡಗೈಗೆ ಸಾಲಾಗಿ ಅಂಟಿಸಿಕೊಂಡು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬೇರೆಯವರ ಹಾಲ್‌ನ ನಡುವೆ ನಿಂತು ಆ ಮನೆಯವರಿಗೇ ಬೈಯುತ್ತಿದ್ದರು.

ಈ ಕೊಲ್ಲಿ ದೇಶದ ಅಬ್ಬಾಸಿಯಾ ಬಡಾವಣೆಯಲ್ಲಿ ನಮ್ಮದು, ಅವರದು ಎದುರುಬದುರು ಬಾಗಿಲು. ಅವರು ಮಂಗಳೂರು ಕಡೆಯವರು, ನಾನು ಮಂಡ್ಯದವಳು. ಆ ಬೀದಿಯ ಕನ್ನಡದ ಸಂಸಾರಗಳಿಗೆಲ್ಲ ಅವರು ಅಕ್ಕ. ಬಾಡಿಗೆ ಏರಿತು, ಮಕ್ಕಳ ಸ್ಕೂಲ್ ಬದಲಾಯಿತು, ಕಟ್ಟಡ ಕೆಡವುತ್ತಾರಂತೆ ಎಂದು ಇಲ್ಲಿ ವರ್ಷವಿಡೀ ಯಾರಾದರೂ ಮನೆ ಖಾಲಿ ಮಾಡುತ್ತಲೇ ಇರುತ್ತಾರೆ. ಮೊದಲ ಫೋನ್ ಅಕ್ಕನಿಗೆ. ಸಾಮಾನು ಕಟ್ಟಿಕೊಡಲು ಹೋದವರೇ ಅಡುಗೆಮನೆಗೆ ನುಗ್ಗಿ ಎಲ್ಲರಿಗೂ ಚಹಾ ಇಡುತ್ತಿದ್ದರು. ಅದನ್ನು ಹಾಯಾಗಿ ಕುಡಿದು ಕೂರುವ ಜನರನ್ನು ಕಂಡರೆ ನನಗೆ ಆಗಲೇ ಮೈ ಉರಿಯುತ್ತಿತ್ತು.

ಹಾಲ್ ಕಟ್ಟುವುದರಲ್ಲಿ ಅವರದೇ ಕ್ರಮವಿತ್ತು. ಶೋಕೇಸಿನ ಗಾಜಿನ ಹಲಗೆಗಳನ್ನು ಮೊದಲೇ ಹೊರತೆಗೆದು ಕಂಬಳಿ ಸುತ್ತಬೇಕು. ಫೋಟೋಗಳನ್ನು ಮುಖಕ್ಕೆ ಮುಖ ಮಾಡಿ ನಡುವೆ ಟವೆಲ್ ಇಡಬೇಕು. ಟಿವಿ ಸ್ಟ್ಯಾಂಡಿನ ಸ್ಕ್ರೂಗಳನ್ನು ಚೀಲದಲ್ಲಿ ಹಾಕಿ ಅದರ ಬೆನ್ನಿಗೇ ಅಂಟಿಸಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಬೀದಿಯ ಮೇಡಂ ಒಬ್ಬರು ಖೈತಾನ್ ಬಡಾವಣೆಗೆ ಮನೆ ಬದಲಿಸುವಾಗ, ಅವರ ಚಿನ್ನದಂಚಿನ ಚಹಾ ಸೆಟ್ಟಿನ ಒಂದೊಂದು ಕಪ್ಪನ್ನೂ ಅಕ್ಕ ತಮ್ಮ ಮನೆಯ ಚಳಿಗಾಲದ ಕಾಲುಚೀಲಗಳೊಳಗೆ ತೂರಿಸಿ ಕಟ್ಟಿದ್ದರು. ಮೇಡಂ ಸೋಫಾದಲ್ಲಿ ಕೂತು ಫೋನಿನಲ್ಲಿ ಯಾರಿಗೋ, "ಅಕ್ಕ ಇಲ್ಲದಿದ್ರೆ ನನಗೆ ಕೈಕಾಲೇ ಆಡ್ತಿರಲಿಲ್ಲ," ಎನ್ನುತ್ತಿದ್ದರು. ಅವರ ಕೈಕಾಲು ಆಡಿದ್ದನ್ನು ಅವತ್ತು ನಾನಂತೂ ನೋಡಲಿಲ್ಲ.

ನಾವೂ ಖೈತಾನ್‌ಗೆ ಹೊರಟಾಗ ನಾನು ಜಾಣತನ ತೋರಿಸಲು ಹೋಗಿ ಎಲ್ಲಕ್ಕಿಂತ ಮೊದಲು ಹಾಲನ್ನೇ ಕಟ್ಟಿಬಿಟ್ಟಿದ್ದೆ. ಅಡುಗೆಮನೆ ದಿನಾ ಬೇಕು, ಹಾಲ್ ಯಾಕೆ ಬೇಕು ಎಂಬುದು ನನ್ನ ಲೆಕ್ಕ. ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು.

"ಎಂತ ಮಾಡಿಟ್ಟಿದ್ದಿ ಮಾರಾಯ್ತಿ? ಕಳಿಸಿಕೊಡ್ಲಿಕ್ಕೆ ಬಂದವರನ್ನು ಎಲ್ಲಿ ಕೂರಿಸ್ತಿ, ಈ ರಟ್ಟಿನ ಪೆಟ್ಟಿಗೆ ಮೇಲಾ?"

"ಯಾರು ಬರ್ತಾರೆ ಅಕ್ಕ?"

"ಬರ್ತಾರೆ. ಮನೆ ಬಿಡುವ ಹಿಂದಿನ ದಿನ ಜನ ಬರ್ಬೇಕು. ಸೋಫಾ, ಪರದೆ, ಚಾದ ಕಪ್ಪು, ಈ ಮೂರು ಕೊನೆಗೆ. ಬಿಚ್ಚು ಎಲ್ಲ."

ನಾನು ಬಿಚ್ಚಿದೆ. ಆ ಗುರುವಾರ ಸಂಜೆ ಜನ ಬಂದರು. ಬರದೆ ಏನು, ಅಕ್ಕ ಬೆಳಗಿನಿಂದ ಒಬ್ಬೊಬ್ಬರಿಗೂ ಫೋನ್ ಮಾಡಿದ್ದರು. ಪೆಟ್ಟಿಗೆಗಳೆಲ್ಲ ಒಳಕೋಣೆಯಲ್ಲಿ, ಹಾಲ್ ಮಾತ್ರ ಎಂದಿನಂತೆ. ಪರದೇಶದಲ್ಲಿ ನಮಗೂ ನಾಲ್ಕು ಜನ ಇದ್ದಾರೆ ಅನಿಸಿದ ಸಂಜೆ ಅದು. ಇವತ್ತಿಗೂ ಅದು ನನಗೆ ಅಕ್ಕ ಕೊಟ್ಟದ್ದು ಅಂತಲೇ ಅನಿಸುತ್ತದೆ.

ಆಮೇಲೆ ಅವರ ಸರದಿ ಬಂತು. ಭಾವನವರ ಕಂಪನಿಯವರು ವಯಸ್ಸಾಯಿತೆಂದು ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಂದುವರಿಸಲಿಲ್ಲ. ಇಷ್ಟು ವರ್ಷ ದುಡಿಸಿಕೊಂಡು ಖಲಾಸ್ ಎಂಬ ಒಂದು ಮಾತಿನಲ್ಲಿ ಮುಗಿಸಿದರು. ಊರಿಗೆ ಸಾಗಿಸುವ ಸಾಮಾನೆಲ್ಲ ಕಾರ್ಗೋದವರ ಜೊತೆ ಶುವೈಖ್ ಬಂದರಿಗೆ ಹೋಯಿತು. ಅಕ್ಕ ಮಾತ್ರ ತಮ್ಮ ಕ್ರಮ ಬಿಡಲಿಲ್ಲ. ಸೋಫಾ, ಪರದೆ, ಟ್ರೇಯಲ್ಲಿ ಬೋರಲು ಹಾಕಿದ ನೀಲಿ ಹೂವಿನ ಕಪ್‌ಗಳು ಹಾಲ್‌ನಲ್ಲೇ ಉಳಿದವು. ಗುರುವಾರ ಸಂಜೆ ಬನ್ನಿ ಎಂದು ಗ್ರೂಪಿನಲ್ಲಿ ತಿಳಿಸಿ, ಒಂದು ಪಾತ್ರೆ ತುಂಬ ಗೋಳಿಬಜೆ ಕರಿದಿಟ್ಟು, ಒಳ್ಳೆಯ ಸೀರೆ ಉಟ್ಟು ಕೂತರು.

ಬಂದವರು ನಾನು ಮತ್ತು ನನ್ನ ಗಂಡ, ಅಷ್ಟೇ.

ಉಳಿದವರದೆಲ್ಲ ಮೆಸೇಜು ಬಂತು. ಟ್ರಾಫಿಕ್ಕಂತೆ, ಮಕ್ಕಳ ಪರೀಕ್ಷೆಯಂತೆ, ಏರ್‌ಪೋರ್ಟಿಗೇ ಬರುತ್ತಾರಂತೆ. ಬ್ಯಾಂಕಿನ ಮೇಡಂ ಕೈಮುಗಿದ ಚಿತ್ರವೊಂದನ್ನು ಕಳಿಸಿ ಕೈ ತೊಳೆದುಕೊಂಡರು. ಅಷ್ಟೊಂದು ಮನೆಗಳ ಕಪ್ಪು ಬಸಿ ಕಟ್ಟಿದ ಹೆಂಗಸು ಲಿಫ್ಟಿನ ಸದ್ದಾದಾಗಲೆಲ್ಲ ಬಾಗಿಲು ನೋಡುತ್ತಿದ್ದರು. ನಾನು ಸಿಟ್ಟಿನಿಂದ ಫೋನ್ ಕೈಗೆತ್ತಿಕೊಂಡೆ. ಅಕ್ಕ ತಡೆದರು.

"ಬೇಡ. ಬೈದು ಬರ್ಸಿದ್ರೆ ಎಂತ ಸುಖ ಉಂಟು? ಬರ್ತಾರೆ, ದಾರಿಯಲ್ಲಿರ್ಬೇಕು."

ಬೆಳಿಗ್ಗೆ ಅವರನ್ನು ಕಳಿಸಲು ಹೋದಾಗಲೂ ಕಪ್‌ಗಳು ಟ್ರೇಯಲ್ಲೇ ಇದ್ದವು. ಕೆಳಗೆ ಟ್ಯಾಕ್ಸಿಯವನು, "ಯಲ್ಲಾ ಭಾಯಿ, ಚಲೋ!" ಎಂದು ಕೂಗುತ್ತಿದ್ದ. ಕಪ್‌ಗಳಿಗೆ ಸುತ್ತೋಣವೆಂದರೆ ಒಂದು ಟವೆಲ್ ಕೂಡ ಉಳಿದಿರಲಿಲ್ಲ. ಅಕ್ಕ ಅವನ್ನು ಹಳೇ ಪೇಪರಿನಲ್ಲಿ ಸುತ್ತಿ ಕೈಚೀಲಕ್ಕೆ ತುರುಕಿದರು. ಟೇಪ್ ಹಾಕಲೂ ಇಲ್ಲ. ಏರ್‌ಪೋರ್ಟಿಗೂ ಯಾರೂ ಬರಲಿಲ್ಲ.

ಅಕ್ಕ ಊರು ಮುಟ್ಟಿ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದೇ ಕಪ್‌ಗಳ ವಿಷಯ. "ಎಲ್ಲ ಚಂದ ಉಂಟು, ಒಂದೂ ಒಡೀಲಿಲ್ಲ," ಎಂದು ನಕ್ಕರು.

ಕಳೆದ ತಿಂಗಳು ಅಕ್ಕ ತೀರಿಕೊಂಡರು. ಹೃದಯ ನಿಂತುಹೋಯಿತಂತೆ. ಸುದ್ದಿ ತಿಳಿಸಿದ ಅವರ ಮಗಳೇ ಹೇಳಿದಳು, ಆ ಕಪ್‌ಗಳಲ್ಲಿ ಊರಿಗೆ ಸರಿಯಾಗಿ ಬಂದದ್ದು ಎರಡೇ ಎಂದು. "ಅಮ್ಮ ನಿಮಗೆ ಹೇಳ್ಬೇಡ ಅಂದಿದ್ರು ಆಂಟಿ. ಗೊತ್ತಾದ್ರೆ ಅವಳು ಎಲ್ಲರ ಹತ್ರ ಜಗಳಕ್ಕೆ ಹೋಗ್ತಾಳೆ ಅಂತ."

ಆ ಶುಕ್ರವಾರ ಬ್ಯಾಂಕಿನ ಮೇಡಂ ಮನೆಯಲ್ಲಿ ಅಕ್ಕನ ನೆನಪಿಗೆ ಸಭೆ. ಹಾಲ್ ಭರ್ತಿ. ಅವತ್ತು ಯಾರಿಗೂ ಟ್ರಾಫಿಕ್ ಸಿಗಲಿಲ್ಲ, ಯಾರ ಮಕ್ಕಳಿಗೂ ಪರೀಕ್ಷೆ ಇರಲಿಲ್ಲ. ತಾಯಿಯಂತಿದ್ದರು ಎಂದು ಒಬ್ಬರಾದ ಮೇಲೊಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಚಹಾ ಬಂತು, ಚಿನ್ನದಂಚಿನ ಕಪ್‌ಗಳಲ್ಲಿ.

"ಈ ಸೆಟ್ಟಲ್ಲಿ ಒಂದಾದ್ರೂ ಒಡೆದಿದ್ಯಾ?" ಎಂದು ಕೇಳಿದೆ.

"ಒಂದೂ ಇಲ್ಲ," ಮೇಡಂ ಹೆಮ್ಮೆಯಿಂದ ಎಲ್ಲರಿಗೂ ಕೇಳಿಸುವಂತೆ ಹೇಳಿದರು. "ಅಕ್ಕ ಕಟ್ಟಿದ್ದಲ್ವಾ!"

"ಅಕ್ಕಂದು ಒಡೆದುಹೋದ್ವು," ಎಂದೆ. "ನೀವೆಲ್ಲ ಬರ್ತೀರಂತ ಹೊರಡೋವರೆಗೂ ಟ್ರೇಲೇ ಇಟ್ಟಿದ್ರು."

ತುಂಬಿದ ಕಪ್ಪನ್ನು ಹಾಗೇ ಟ್ರೇಗೆ ವಾಪಸ್ಸಿಟ್ಟು ಎದ್ದು ಬಂದೆ.