ಪದ್ಮವ್ವ ಕೊಂಡ ಬಿಸಿನೀರಿನ ಟಬ್ಬು

ತುಬಚಿಯ ಪದ್ಮವ್ವನನ್ನು ಬಲ್ಲವರೆಲ್ಲ ಅವಳ ತಮ್ಮ ಹಾಲೇಶನನ್ನೂ ಬಲ್ಲರು. ಅವಳ ಮಾತು ಎಲ್ಲಿಂದಲೇ ಶುರುವಾಗಲಿ, ಕಡೆಗೆ ಹೋಗಿ ಮುಟ್ಟುತ್ತಿದ್ದದ್ದು ಅವನನ್ನೇ. ಅವ್ವ ತೀರಿಕೊಂಡಾಗ ಅವನಿಗಿನ್ನೂ ಹಲ್ಲು ಮೂಡಿರಲಿಲ್ಲ. ಪದ್ಮವ್ವ ಶಾಲೆ ಬಿಟ್ಟು ಅವನನ್ನು ಸೊಂಟಕ್ಕೆ ಹಾಕಿಕೊಂಡಳು. ಮದುವೆ ಗೊತ್ತಾದಾಗ, ತಮ್ಮನೂ ತನ್ನ ಜೊತೆಗೇ ಬರುತ್ತಾನೆ, ಒಪ್ಪಿಗೆಯಿದ್ದರೆ ಅಕ್ಕಿಕಾಳು, ಇಲ್ಲದಿದ್ದರೆ ಇಲ್ಲ ಎಂದು ಹಟ ಹಿಡಿದಳು. ವರ ಗಿರಮಲ್ಲಪ್ಪ ಒಪ್ಪಿದ. ಹಾಗಾಗಿ ತುಬಚಿಗೆ ಬಂದ ಮದುಮಗಳ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಮೂಗು ಸುರಿಸುತ್ತಿದ್ದ ತಮ್ಮ.

ಆಗಿನ್ನೂ ತುಬಚಿಯ ಹೊಲಗಳಿಗೆ ಹೊಳೆಯ ನೀರು ಏರಿರಲಿಲ್ಲ. ಕುರಿಗಳ ಹಿಂದೆ ಅಲೆದಾಟ, ತಲೆಯ ಮೇಲೆ ಮೇವಿನ ಹೊರೆ. ಎಷ್ಟೋ ವರ್ಷಗಳ ನಂತರ ಕಾಲುವೆಗೆ ನೀರು ಬಂತು, ಕಬ್ಬು ಬಂತು, ಮನೆಗೊಂದು ಮೇಲಂತಸ್ತು ಬಂತು. ಅಷ್ಟರಲ್ಲಿ ಪದ್ಮವ್ವನ ಮೊಣಕಾಲು ಹೋಗಿತ್ತು. ಮೇಲಂತಸ್ತು ಹೇಗಿದೆ ಎಂದು ಅವಳು ನೋಡಿದ್ದು ವಾಸ್ತುಶಾಂತಿಯ ದಿನ ಒಮ್ಮೆ, ಅಷ್ಟೇ.

ಹಾಲೇಶ ಓದಿದ, ಜಮಖಂಡಿಯಲ್ಲಿ ಅಂಗಡಿ ಹಾಕಿದ. ನಳ, ಬೇಸಿನ್, ಟೈಲ್ಸ್, ಸೋಲಾರ್ ಹೀಟರ್ ಎಲ್ಲ ಮಾರುತ್ತಿದ್ದ. ಅಲ್ಲೇ ಮನೆಯನ್ನೂ ಕಟ್ಟಿಸಿದ. ಅಪ್ಪನ ಹಳೆಯ ಮನೆ ಬಿದ್ದುಹೋದ ಮೇಲೆ ಪದ್ಮವ್ವನಿಗೆ ತಮ್ಮನ ಆ ಮನೆಯೇ ತವರಾಯಿತು. ಪ್ರತಿ ನಾಗರಪಂಚಮಿಗೆ ಅವನು ಕಾರು ತಂದು ಕರೆದುಕೊಂಡು ಹೋಗುತ್ತಿದ್ದ.

ಒಂದು ಚಳಿಗಾಲ ಸೊಸೆ ರೇಷ್ಮಾ ಅತ್ತೆಯನ್ನು ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ದಿನವೂ ಗುಳುಗುಳು ಸುತ್ತುವ ಬಿಸಿನೀರಿನಲ್ಲಿ ಕೂಡಿಸುತ್ತಿದ್ದರು. ಪದ್ಮವ್ವ ಹಿಂದಿರುಗಿದ ಮೇಲೆ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ, ಮಾಳಿಗೆಯಿಂದ ಕಬ್ಬಿನ ಹೊಲ ನೋಡಿ ಬಂದಳು. ವಾರ ಕಳೆಯುವುದರೊಳಗೆ ನೋವು ಮತ್ತೆ ಮರಳಿತು. ಬಿಸಿನೀರಿನಿಂದ ಗುಣ ಕಂಡ ಸುದ್ದಿ ಕೇಳಿದ ಹಾಲೇಶ ಫೋನಿನಲ್ಲೇ ಕುಣಿದ.

"ಅಕ್ಕಾ, ಅಂಥಾ ಟಬ್ಬು ನಾನಽ ಮಾರಾಕ ಹಿಡದೇನಿ. ನಿನಗ ಆಸ್ಪತ್ರಿ ಯಾಕ? ಮನಿಯಾಗ ಇಡಸೂಣು. ಅಂಗಡಿಗೆ ಬಂದು ನೋಡು."

ಗಿರಮಲ್ಲಪ್ಪನನ್ನು ಕೇಳಿದರೆ ಅವನು ತಲೆ ಎತ್ತಲೂ ಇಲ್ಲ. "ನಿನ್ನ ತಮ್ಮ ಹೇಳ್ಯಾನಂದ್ರ ಆತು ಬಿಡು," ಎಂದ.

ಅಂಗಡಿಯ ನಡುವೆ ಮೂರು ಟಬ್ಬು ಇಟ್ಟಿದ್ದರು. ಮೊದಲನೆಯದು ಗಾಳಿ ತುಂಬಿ ಉಬ್ಬಿಸುವಂಥದು. ಪದ್ಮವ್ವ ಅದನ್ನು ಬೆರಳಿನಿಂದ ಒತ್ತಿ ನೋಡಿ, ಪಂಚರ್ ಆದರೆ ಯಾರನ್ನು ಕರೆಯುವುದು ಎಂದು ಕೇಳಿದಳು. ಎರಡನೆಯದರಲ್ಲಿ ಮಲಗುವ ಸೀಟು.

"ಕೂತು ನೋಡಕ್ಕಾ," ಎಂದ ಹಾಲೇಶ.

"ನೀರಿಲ್ಲದಽ?"

"ನೀರಿಲ್ಲದಽ ಕೂಡಬೇಕು. ಕಾಲು ಚಾಚಾಕ, ಏಳಾಕ ಬರೋಬ್ಬರಿ ಆಕ್ಕೈತೋ ಇಲ್ಲೋ ಗೊತ್ತಾಗೂದು ಹಂಗಽ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಮಲಗಿದವಳಿಗೆ ಏಳಲು ಬರಲೇ ಇಲ್ಲ. ಹಾಲೇಶ ರಟ್ಟೆ ಹಿಡಿದು ಎತ್ತಿದ. ಅಕ್ಕ ತಮ್ಮ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯದು ಅವಳಿಗೆಂದೇ ಮಾಡಿಸಿದ ಹಾಗಿತ್ತು. ಸೀಟು ಕುರ್ಚಿಯಷ್ಟು ಎತ್ತರ, ಒಳಗೆ ಇಳಿಯಲು ಒಂದು ಮೆಟ್ಟಿಲು, ಪಕ್ಕದಲ್ಲಿ ಹಿಡಿಕೆ. ಮೊಣಕಾಲಿಗೆ ಸರಿಯಾಗಿ ನೀರು ಚಿಮ್ಮುವ ತೂತುಗಳು. ಅವಳು ಅಲ್ಲೇ ಕೂತುಕೊಂಡು ತನಗೆ ಕಾಡುತ್ತಿದ್ದ ಒಂದೇ ಒಂದು ಪ್ರಶ್ನೆ ಕೇಳಿದಳು.

"ಹಾಲ್ಯಾ, ಇದರ ನೀರು ದಿನಾ ಚೆಲ್ಲಬೇಕೇನು?"

"ಇಲ್ಲಕ್ಕಾ. ಒಮ್ಮೆ ತುಂಬಿದ್ರ ತಿಂಗಳಗಟ್ಟಲೆ ಅದಽ ನೀರು."

"ನಿಂತ ನೀರು ಕೆಡೂದಿಲ್ಲೇನಲೇ? ಕುರಿ ಕುಡಿಯೂ ಡೋಣ್ಯಾಗಿನ ನೀರು ನೋಡನೋಡತಿದ್ದಂಗ ಪಾಚಿ ಹಿಡೀತಿತ್ತು."

ಹಾಲೇಶ ಟಬ್ಬಿನ ಬದಿಯ ಮುಚ್ಚಳ ತೆಗೆದು ತೋರಿಸಿದ. ಇದು ಓಝೋನ್ ಮಷಿನ್, ನೀರಿನೊಳಗಿನ ಹೊಲಸನ್ನು ಇದು ಸುಡುತ್ತದೆ. ಇದು ಖನಿಜದ ಕೋಲು, ಒಳಗೆ ಬೆಳ್ಳಿಯಿದೆ, ಹುಳ ಹುಟ್ಟಲು ಬಿಡುವುದಿಲ್ಲ. ಇದು ಫಿಲ್ಟರ್. "ಕ್ಲೋರಿನ್ನಿನ ಆ ಘಾಟು, ಔಷಧ, ಏನೂ ಬ್ಯಾಡ. ಎಲ್ಲಾ ಮಷಿನ್ ನೋಡಿಕೋತೈತಿ."

"ಏನೂ ಹಾಕೂದು ಬ್ಯಾಡ? ಖರೆ?"

"ಖರೆ ಅಕ್ಕಾ. ನಿನಗ ಸುಳ್ಳ ಹೇಳ್ತೇನೇನು?"

ಟಬ್ಬು ಬಂದ ದಿನ ಹಿತ್ತಲಲ್ಲಿ ಓಣಿಯ ಅರ್ಧ ಮಂದಿ ನೆರೆದಿತ್ತು. ಪದ್ಮವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಬೀರೇಶ್ವರನ ಹೆಸರು ಹೇಳಿ ಕಾಯಿ ಒಡೆದಳು. ಬೋರಿನ ನೀರು ತುಂಬಿಸಿದರು. ಸಂಜೆ ಬೆಚ್ಚಗೆ ಕೂತವಳಿಗೆ ಎದ್ದೇಳಲು ಮನಸ್ಸೇ ಬರಲಿಲ್ಲ. ಹತ್ತಿಪ್ಪತ್ತು ದಿನದೊಳಗೆ ಮತ್ತೆ ಮಾಳಿಗೆ ಹತ್ತಿದಳು. ಹಾಲೇಶ ಬಂದು, ಟಬ್ಬಿನ ಪಕ್ಕ ಅವಳನ್ನು ನಿಲ್ಲಿಸಿ ಫೋನಿನಲ್ಲಿ ವಿಡಿಯೋ ಮಾಡಿದ. ಏನು ಹೇಳಬೇಕೆಂದು ಅವನು ಹೇಳಿಕೊಡಬೇಕಾಗಿರಲಿಲ್ಲ. "ನನ್ನ ಮೊಣಕಾಲು ನನಗ ಹೊಳ್ಳಿ ಬಂದ್ವು ನೋಡ್ರಿ. ಒಂದು ಔಷಧ ಇಲ್ಲ, ಒಂದು ಕಿರಿಕಿರಿ ಇಲ್ಲ. ನೀವೂ ತಗೋರಿ," ಎಂದು ಅವಳು ಬಾಯಿ ತುಂಬ ನಕ್ಕು ಹೇಳಿದಳು. ವಿಡಿಯೋ ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆ ಫೋನಿನಿಂದ ಫೋನಿಗೆ ಹೋಯಿತು. ರಬಕವಿಯ ಸೀರೆ ವ್ಯಾಪಾರದ ಮನೆಯ ಮಾಯವ್ವ ಎಂಬಾಕೆ ನಂಬರು ಹುಡುಕಿ ಫೋನು ಮಾಡಿ, ಖರೇನೇ ಎಂದು ಕೇಳಿದಾಗಲೂ ಪದ್ಮವ್ವ ಅದನ್ನೇ ಹೇಳಿದಳು. ಮಾಯವ್ವನೂ ಟಬ್ಬು ತರಿಸಿದಳು.

ಬೇಸಿಗೆಯ ಹೊಸ್ತಿಲಲ್ಲಿ ನೀರು ಕಲಗಚ್ಚಿನ ಹಾಗೆ ಮಬ್ಬಾಗತೊಡಗಿತು. ಒಳಗೋಡೆ ಸವರಿದರೆ ಕೈ ಜಾರುತ್ತಿತ್ತು. ಫೋನು ಮಾಡಿದರೆ ಹಾಲೇಶ, "ಹೊಸಾದು ಹಂಗಽ ಇರತೈತಕ್ಕಾ, ತಾನಽ ತಿಳಿ ಆಕ್ಕೈತಿ," ಎಂದು ಇನ್ನೊಂದು ಖನಿಜದ ಕೋಲು ಕಳಿಸಿದ. ಅವಳು ಅದನ್ನು ಸಿಕ್ಕಿಸಿ ಮತ್ತೆ ಕೂತಳು. ಆಮೇಲೆ ಬೆನ್ನು, ಹೊಟ್ಟೆ, ತೋಳು, ತೊಡೆಯ ತುಂಬ ಕೆಂಪು ಗುಳ್ಳೆಗಳು ಎದ್ದವು. ತುರಿಕೆ ತಾಳಲಾರದೆ ಬೇವಿನ ಸೊಪ್ಪು ಅರೆದು ಹಚ್ಚಿದಳು. ಜ್ವರವೂ ಬಂತು. ಜಮಖಂಡಿಯ ಚರ್ಮದ ಡಾಕ್ಟರು ಒಂದೇ ನೋಟಕ್ಕೆ, "ಎಲ್ಲಿ ಈಜಾಕ ಹೋಗಿದ್ರಿ?" ಎಂದು ಕೇಳಿದರು. ರೇಷ್ಮಾ ಟಬ್ಬಿನ ವಿಷಯ ಹೇಳಿದಳು.

"ನೀರಿಗೆ ಏನು ಹಾಕ್ತೀರಿ?"

"ಏನೂ ಇಲ್ರಿ. ಮಷಿನ್ ಐತ್ರಿ," ಎಂದಳು ಪದ್ಮವ್ವ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಚ್ಚಗ ನಿಂತ ನೀರಿಗೆ ಏನೂ ಹಾಕಲಿಲ್ಲಂದ್ರ ಹುಳ ಸಾಕಿದಂಗ ಆತವ್ವ. ಮಾರಿದವ್ರು ಹೇಳ್ಲಿಲ್ಲೇನು?"

ಪದ್ಮವ್ವನಿಗೆ ಆಗ ತಮ್ಮನ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಅವನಿಗೂ ಗೊತ್ತಿಲ್ಲ, ಕಂಪನಿಯವರು ಅವನಿಗೂ ಮೋಸ ಮಾಡಿದ್ದಾರೆ, ಮೊದಲು ಹೋಗಿ ಹೇಳಬೇಕು ಎಂದೇ ಅನಿಸಿತು. ರೇಷ್ಮಾ ಔಷಧಿ ತರಲು ಹೋದಳು. ಪದ್ಮವ್ವ ಆಟೋ ಹಿಡಿದು ಒಬ್ಬಳೇ ಅಂಗಡಿಗೆ ಬಂದಳು. ಹಾಲೇಶ ಗೋಡೌನಿನಲ್ಲಿದ್ದ. ಅಂಗಡಿಯ ಕೆಲಸದವಳು ಅವಳನ್ನು ಟೈಲ್ಸಿನ ಸ್ಟ್ಯಾಂಡಿನ ಹಿಂದೆ, ಫ್ಯಾನಿನ ಕೆಳಗೆ ಕೂಡಿಸಿ ನೀರು ತರಲು ಹೋದಳು.

ಅಷ್ಟರಲ್ಲಿ ಹಾಲೇಶನ ದನಿ ಕೇಳಿತು. ಜೊತೆಗೆ ಒಬ್ಬ ಹೆಣ್ಣುಮಗಳು. ಧನಶ್ರೀ ಮೇಡಂ, ಧನಶ್ರೀ ಮೇಡಂ ಎಂದು ಮಾತಿಗೊಮ್ಮೆ ಅನ್ನುತ್ತಿದ್ದ. ಇಬ್ಬರೂ ಟಬ್ಬಿನ ಹತ್ತಿರ ನಿಂತರು. ಪದ್ಮವ್ವ ಏಳಬೇಕೆನ್ನುವಾಗ ಅವನ ಮಾತು ಕಿವಿಗೆ ಬಿತ್ತು.

"ಓಝೋನು, ಮಿನರಲ್ಲು ಇವು ಬರೇ ಕೈಜೋಡಿಸಾಕ ಅಷ್ಟಽ ಮೇಡಂ. ಹುಳ ಕೊಲ್ಲಾಕ ಕ್ಲೋರಿನ್ನೋ ಬ್ರೋಮಿನ್ನೋ ಬೇಕಽ ಬೇಕು. ನಿಮ್ಮ ಚರ್ಮ ಸೂಕ್ಷ್ಮ ಇದ್ರ ಬ್ರೋಮಿನ್ ಗುಳಿಗಿ ಛಲೋ. ಇಳಿಯೂ ಮೊದಲ ಈ ಚೀಟಿ ನೀರಾಗ ಅದ್ದಿ ನೋಡ್ರಿ, ಡಬ್ಬಿ ಮ್ಯಾಲಿನ ಬಣ್ಣಕ್ಕ ಕೂಡಲಿಲ್ಲಂದ್ರ ಇಳೀಬ್ಯಾಡ್ರಿ. ಮೈ ತೊಳಕೊಂಡು ಇಳೀಬೇಕು, ತಲಿಗೆ ಎಣ್ಣಿ ಇರಬಾರ್ದು. ಫಿಲ್ಟರ್ ವಾರಕ್ಕೊಮ್ಮೆ ನಳದ ಕೆಳಗ ಹಿಡೀರಿ. ಮೂರು ತಿಂಗಳಿಗೊಮ್ಮೆ ನೀರೆಲ್ಲಾ ಬಿಟ್ಟು ತಿಕ್ಕಿ ತೊಳೀರಿ. ಬೋರಿನ ಸವಳ ನೀರು ತುಂಬಿದ್ರ ಹೀಟರ್‌ಗೆ ಸುಣ್ಣ ಕಟ್ಟತೈತಿ, ನೀರು ಮೆದು ಮಾಡೂ ಸಾಫ್ಟ್‌ನರ್ ಒಂದು ಹಾಕಿಸ್ರಿ."

ಎಷ್ಟು ನಿಧಾನವಾಗಿ, ಎಷ್ಟು ಅಂತಃಕರಣದಿಂದ ಹೇಳುತ್ತಿದ್ದ! ಒಂದು ಮಾತೂ ಬಿಟ್ಟುಹೋಗದ ಹಾಗೆ.

"ಅಲ್ರೀ, ಆ ವಿಡಿಯೋದಾಗಿನ ಹೆಣ್ಮಗಳು ಏನೂ ಹಾಕೂದು ಬ್ಯಾಡ ಅಂತಾಳಲ್ಲ?" ಎಂದು ಕೇಳಿದಳು ಧನಶ್ರೀ.

ಹಾಲೇಶ ನಕ್ಕ. "ಅವ್ರು ಹಳ್ಳಿ ಮಂದಿ ಮೇಡಂ. ಅವ್ರಿಗೆ ಇಷ್ಟೆಲ್ಲಾ ಹೇಳಿದ್ರ ಗಾಬರಿ ಬಿದ್ದು ಓಡಿಹೊಕ್ಕಾರ. ನಿಮ್ಮಂಥವ್ರಿಗೆ ಹೇಳಿದ್ರ ತಿಳೀತೈತಿ."

ತನಗೆ ಹೇಳದೆ ಇದ್ದದ್ದಕ್ಕಿಂತ ಆ ನಗು ಪದ್ಮವ್ವನನ್ನು ಹೆಚ್ಚು ಚುಚ್ಚಿತು. ಹಳ್ಳಿ ಮಂದಿ. ನಮ್ಮಕ್ಕ ಎಂದು ಅನ್ನಲೂ ಇಲ್ಲ. ಅವಳು ಸ್ಟ್ಯಾಂಡು ಹಿಡಿದು ಎದ್ದು ಈಚೆ ಬಂದಳು. ಧನಶ್ರೀ ಅವಳನ್ನು ನೋಡಿ ಹುಬ್ಬೇರಿಸಿದಳು. "ನೀವು ಆ ವಿಡಿಯೋದಾಗ ಇದ್ದವ್ರಲ್ಲೇನ್ರಿ?"

"ಹೌದ್ರೀ. ನಾ ಇವನ ಅಕ್ಕ," ಎಂದು ಪದ್ಮವ್ವ ಸೆರಗು ಸರಿಸಿ ತೋಳಿನ ಗುಳ್ಳೆ ತೋರಿಸಿದಳು.

ಧನಶ್ರೀ ಒಮ್ಮೆ ತೋಳು, ಒಮ್ಮೆ ಹಾಲೇಶನ ಮುಖ ನೋಡಿ, ಮತ್ತೆ ಬರುತ್ತೇನೆ ಎಂದು ಹೊರಟುಹೋದಳು. ಹಾಲೇಶ ಅಂಗಡಿಯ ಬಾಗಿಲು ಎಳೆದುಕೊಂಡ.

"ಅಕ್ಕಾ, ಬರ್ತೇನಂತ ಹೇಳಬೇಕಿಲ್ಲೋ?"

"ನಿನಗ ಗೊತ್ತಿತ್ತು."

"ಅಕ್ಕಾ, ಮೊದಲನೇ ಟಬ್ಬು ಎಲ್ಲೆರ ಒಂದು ಮನಿಯಾಗ ಕೂಡಬೇಕಿತ್ತು, ಅದನ್ನ ನೋಡಿ ಮಂದಿ ತಗೋತಾರ. ದಿನಾ ಚೀಟಿ ಅದ್ದು, ಪುಡಿ ಹಾಕು ಅಂದಿದ್ರ ನೀ ಒಲ್ಲೆ ಅಂತಿದ್ದಿ. ನಿನ್ನ ಮೊಣಕಾಲಿಗೆ ಛಲೋ ಆಗ್ಲಿ ಅಂತ..."

"ಮೊಣಕಾಲಿನ ಹೆಸರು ತಗೀಬ್ಯಾಡ. ನಾ ಬಾಯಿಬಿಟ್ಟು ಕೇಳಿದ್ದೆ ಹಾಲ್ಯಾ. ನಿಂತ ನೀರು ಕೆಡೂದಿಲ್ಲೇನಂತ ಕೇಳಿದ್ದೆ. ನನಗ ನೆಟ್ಟಗ ಓದಾಕ ಬರೂದಿಲ್ಲ ಖರೆ, ಕೇಳಿಸ್ಕೊಳ್ಳಾಕ ಬರತಿತ್ತಲ್ಲ?"

ಅವನು ಕಾಲು ಮುಟ್ಟಲು ಬಾಗಿದ. ಅವಳು ಕಾಲು ಹಿಂದೆಳೆದುಕೊಂಡಳು. ವಿಡಿಯೋ ತೆಗೆದುಹಾಕು ಎಂದಳು. ತೆಗೆಯುತ್ತೇನೆ, ಆದರೆ ಮಂದಿಯ ಫೋನಿನಲ್ಲಿ ಇರುವುದನ್ನು ತೆಗೆಯಲು ತನ್ನ ಕೈಲಾಗದು ಎಂದ. ಅದೊಂದು ಮಾತು ಖರೆ ಇತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. "ಕೂಸಿದ್ದಾಗ ಅವ ನನ್ನ ಹೆಗಲ ಮ್ಯಾಲೆ ಕೂತು ಜಮಖಂಡಿ ಸಂತಿ ನೋಡ್ಯಾನ," ಎಂದು ಗಿರಮಲ್ಲಪ್ಪ ಎದ್ದು ಹೊಲಕ್ಕೆ ನಡೆದ. ಪದ್ಮವ್ವನನ್ನು ಕಾಡುತ್ತಿದ್ದದ್ದು ಮಾಯವ್ವ. ಗುಳ್ಳೆ ಒಣಗುವ ಮೊದಲೇ ಅವಳು ರೇಷ್ಮಾಳನ್ನು ಕರೆದುಕೊಂಡು ರಬಕವಿಗೆ ಹೊರಟಳು. ಮಗ್ಗಗಳು ದಡದಡ ಬಡಿಯುತ್ತಿದ್ದ ಓಣಿಯಲ್ಲಿ ಮನೆ ಹುಡುಕಿದರು. ಮಾಯವ್ವ ಒಳಗೆ ಬಾ ಎನ್ನಲಿಲ್ಲ. ಕಟ್ಟೆಯ ಮೇಲೇ ಕೂತರು. ಪದ್ಮವ್ವ ನಡೆದದ್ದನ್ನೆಲ್ಲ ಹೇಳಿ, ನೀರು ಬಿಟ್ಟುಬಿಡಿ, ಹೀಗೆ ಹೀಗೆ ಮಾಡಿ ಎಂದಳು.

"ನಮ್ಮ ಮನಿಯವ್ರು ಆಗಲೇ ಆಸ್ಪತ್ರಿ ಕಂಡು ಬಂದಾರ," ಎಂದಳು ಮಾಯವ್ವ. "ತಮ್ಮನ ಅಂಗಡಿ ಅಂತ ಅವತ್ತು ಫೋನಿನ್ಯಾಗ ಯಾಕ ಹೇಳ್ಲಿಲ್ರಿ ನೀವು? ನಿಮಗೆಷ್ಟು ಕೊಟ್ಟಾನ?"

ತಮ್ಮನೆಂದು ಹೇಳಬೇಕೆಂದು ಪದ್ಮವ್ವನಿಗೆ ಹೊಳೆದೇ ಇರಲಿಲ್ಲ. ರೇಷ್ಮಾ ಏನೋ ಹೇಳಹೋದಳು, ಪದ್ಮವ್ವ ಅವಳ ಕೈ ಹಿಡಿದಳು. "ಏನೂ ಕೊಟ್ಟಿಲ್ರಿ. ಆದರ ನೀವು ನಂಬೂದಿಲ್ಲ, ನಂಬಬ್ಯಾಡ್ರಿ," ಎಂದು ಕೈಮುಗಿದು ಎದ್ದಳು. ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ತಾನೂ ಇನ್ನೊಬ್ಬರ ಮೈಗೆ ಗುಳ್ಳೆ ಎಬ್ಬಿಸಿದೆ, ಅದೂ ನಗುನಗುತ್ತ ಎಂಬುದು ಅವಳಿಗೆ ನುಂಗಲಾಗದ ಸಂಕಟವಾಗಿತ್ತು.

ಟಬ್ಬನ್ನು ವಾಪಸ್ ಕೊಟ್ಟುಬಿಡೋಣ ಎಂದಳು ರೇಷ್ಮಾ. ಪದ್ಮವ್ವ ಒಪ್ಪಲಿಲ್ಲ. ಟಬ್ಬು ಏನು ಮಾಡಿತು, ಅದು ನೋವು ಕಡಿಮೆ ಮಾಡಿದ್ದು ಸುಳ್ಳಲ್ಲವಲ್ಲ. ಅತ್ತೆ ಸೊಸೆ ಸೇರಿ ನೀರು ಬಿಟ್ಟು ಒಳಗೆಲ್ಲ ತಿಕ್ಕಿದರು. ವಿಚಿತ್ರವೆಂದರೆ ಹಾಲೇಶ ಅಂದು ಆ ಹೆಣ್ಣುಮಗಳಿಗೆ ಹೇಳಿದ ಒಂದೊಂದು ಮಾತೂ ಪದ್ಮವ್ವನ ತಲೆಯಲ್ಲಿ ಕೊರೆದ ಹಾಗೆ ಉಳಿದಿತ್ತು. ಅವಳು ಒಂದೊಂದಾಗಿ ಹೇಳುತ್ತಿದ್ದಳು, ರೇಷ್ಮಾ ಬೇರೆ ಊರಿನಿಂದ ಬ್ರೋಮಿನ್ ಗುಳಿಗೆ, ಚೀಟಿ ಎಲ್ಲ ತರಿಸಿದಳು. ಹೊಸ ನೀರು ತುಂಬಿ, ಗುಳಿಗೆ ಹಾಕಿ, ಪದ್ಮವ್ವ ತಾನೇ ಚೀಟಿ ಅದ್ದಿದಳು. ಡಬ್ಬಿಯ ಮೇಲಿನ ಬಣ್ಣವೂ ಚೀಟಿಯ ಬಣ್ಣವೂ ಕೂಡಿದಾಗ ಅವಳಿಗೆ ಖುಷಿಯಾಗಬೇಕಿತ್ತು, ಕಣ್ಣು ತುಂಬಿ ಬಂದವು. ಇಷ್ಟೇ ಇತ್ತು. ಇಷ್ಟನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಪಂಚಮಿ ಬಂತು. ಹಾಲೇಶ ಎಂದಿನಂತೆ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ. ಕೈಯಲ್ಲಿ ಇಳಕಲ್ ಸೀರೆ, ಕೊಬ್ಬರಿ ಬಟ್ಟಲು. ಪದ್ಮವ್ವ ಚಾಪೆ ಹಾಸಿ, ಚಹಾ ತಂದಿಟ್ಟಳು.

"ಚಾ ತಗೋರಿ," ಎಂದಳು.

ಹುಟ್ಟಿದಾಗಿನಿಂದ ಲೇ, ಹಾಲ್ಯಾ ಎನ್ನಿಸಿಕೊಂಡವನು ಆ 'ರಿ' ಕೇಳಿ ಕಪ್ಪು ಕೆಳಗಿಟ್ಟ. "ಅಕ್ಕಾ, ನನಗ ಬೈ. ಹೊಡಿ ಬೇಕಾದ್ರ. ಹಿಂಗ ಮಾತಾಡಬ್ಯಾಡ."

"ಮನಿಗೆ ಬಂದವ್ರಿಗೆ ಬೈತಾರೇನ್ರಿ? ಉಂಡಿ ಮಾಡೇನಿ, ತಿಂದು ಹೋಗ್ರಿ. ನಾ ಈ ವರ್ಷ ಬರೂದಿಲ್ಲ."

ಅವನು ಸೀರೆಯನ್ನು ಚಾಪೆಯ ಮೇಲಿಟ್ಟು ಎದ್ದ. ಅವಳು ಬಾಗಿಲ ತನಕ ಬಂದಳು, ಬೀದಿಯ ತನಕ ಹೋಗಲಿಲ್ಲ. ಕಾರಿನ ಸದ್ದು ದೂರವಾದ ಮೇಲೆ ರೇಷ್ಮಾ ಸೀರೆ ಎತ್ತಿಕೊಂಡು, "ಅತ್ತಿ, ಇದನ್ನೇನು ಮಾಡ್ಲಿ?" ಎಂದು ಕೇಳಿದಳು. ಪದ್ಮವ್ವ ಅದರ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದಳು. ನೇಯ್ಗೆ ಚೆನ್ನಾಗಿತ್ತು, ಬಣ್ಣ ಅವಳಿಗೆ ಒಪ್ಪುವಂಥದೇ.

"ಕಪಾಟಿನ್ಯಾಗ ಇಡು," ಎಂದು ಹೇಳಿ, ಉಂಡೆಗಳನ್ನು ಓಣಿಯ ಮನೆಗಳಿಗೆ ಹಂಚಲು ತಟ್ಟೆಗೆ ಹಾಕತೊಡಗಿದಳು.